ಅಂದಾಜು ಎಂಬ ಕಾಲಂ

ನಮ್ಮೂರಿರುವುದು ಅರಸೀಕೆರೆ ಸೀಮೆಯಲ್ಲಿ. ನಮ್ಮ ಹಿತ್ತಿಲಿಗೂ ಹೆಡ್‌ಮೇಷ್ಟ್ರ ಹಿತ್ತಿಲಿಗೂ ನಡುವೆ ದಾಸವಾಳದ ಬೇಲಿ. ಒಂದು ಕಡೆ ಗಿಡ ಒಣಗಿ ಕಿಂಡಿಯಾಗಿದೆ. ಕರಿಬೇವು, ಹುಣಸೇತೊಕ್ಕು, ಹಿಂದಿನ ದಿನದ ಪೇಪರು, ಊರ ಸುದ್ದಿ ಎಲ್ಲ ಆ ಕಿಂಡಿಯಲ್ಲೇ ಆಚೆಈಚೆ ಓಡಾಡುತ್ತವೆ. ಬೆಂಗಳೂರಿನಿಂದ ಶನಿವಾರ ಬಂದರೆ ಸಂಜೆ ಕಾಫಿ ಲೋಟ ಹಿಡಿದು ನಾನು ನಿಲ್ಲುವ ಜಾಗವೂ ಅದೇ. ಮೇಷ್ಟ್ರು ಆಚೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರು.

"ಏನವ್ವಾ, ಹೋದ್ವಾರ ಬರ್ಲೇ ಇಲ್ಲ?"

"ಕಾನ್ಫರೆನ್ಸ್ ಇತ್ತು ಮೇಷ್ಟ್ರೇ. ಎರಡು ದಿನ."

"ಎಂಥದ್ದು?"

"ಡೇಟಾ ಗುಣಮಟ್ಟದ್ದು. ಕಂಪ್ಯೂಟರಿನಲ್ಲಿ ಕೂಡಿಟ್ಟಿರೋ ಮಾಹಿತಿ ಸರಿಯಾಗಿದೆಯಾ, ಅದನ್ನ ನಂಬಬಹುದಾ ಅಂತ."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ಎರಡು ದಿನ ಸಾಕಾಯ್ತಾ?" ಅಂದರು. ಕೀಟಲೆಗೆ ಕೇಳಿದ್ದಲ್ಲ. ಶಾಲೆಯ ದಾಖಲಾತಿ ರಿಜಿಸ್ಟರನ್ನು ಮೂವತ್ತು ವರ್ಷಕ್ಕೂ ಮೇಲೆ ಬರೆದ ಕೈ ಅದು. ಬರೆದದ್ದು ಸರಿಯೋ ತಪ್ಪೋ ಎಂಬ ಮಾತು ಎಷ್ಟು ದೂರ ಹೋಗುತ್ತದೆಂದು ಅವರಿಗೆ ಗೊತ್ತು.

ನನ್ನ ಕೆಲಸವೇ ಅದು. ಇನ್ನೊಬ್ಬರು ಎಲ್ಲೋ ಬರೆದಿಟ್ಟ ಹೆಸರು, ತಾರೀಕು, ವಿಳಾಸಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡುವುದು. ಎರಡು ಪಟ್ಟಿಯಲ್ಲಿರುವ ಇಬ್ಬರು ಲಕ್ಷ್ಮಮ್ಮಂದಿರು ಒಬ್ಬರೇ ಹೌದೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳುವುದು. ಒಂದು ಪಟ್ಟಿಯಲ್ಲಿ ಅವರ ಇಂಗ್ಲಿಷ್ ಹೆಸರಿನ ನಡುವೆ ಕೆ, ಎಸ್, ಎಚ್ ಇರುತ್ತದೆ, ಇನ್ನೊಂದರಲ್ಲಿ ಬರೀ ಎಕ್ಸ್. ಇದಕ್ಕೆಂದು 1918ರಷ್ಟು ಹಿಂದೆಯೇ ಅಮೆರಿಕದಲ್ಲಿ ಸೌಂಡೆಕ್ಸ್ ಎಂಬ ವಿಧಾನಕ್ಕೆ ಪೇಟೆಂಟು ಸಿಕ್ಕಿತ್ತು. ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು ಮಿಕ್ಕ ವ್ಯಂಜನಗಳನ್ನು ಉಚ್ಚಾರಣೆಯ ಗುಂಪಿನ ಮೇಲೆ ಅಂಕೆ ಮಾಡುವುದು. ಎರಡೂ ಲಕ್ಷ್ಮಮ್ಮಂದಿರಿಗೆ ಅದರಲ್ಲಿ ಒಂದೇ ಗುರುತು ಬರುತ್ತದೆ, ಎಲ್ 255. ಆದರೆ ಜ್ಞಾನೇಶ್ವರಿ ಬಂದಳೆಂದರೆ ಆ ವಿಧಾನ ಕೈಚೆಲ್ಲುತ್ತದೆ. ಒಬ್ಬ ಗುಮಾಸ್ತ ಜೆ ಇಂದ ಶುರುಮಾಡಿರುತ್ತಾನೆ, ಇನ್ನೊಬ್ಬ ಜಿ ಇಂದ. ಮೊದಲ ಅಕ್ಷರವೇ ಬೇರೆಯಾದ ಮೇಲೆ ಒಬ್ಬಳೇ ಹೆಂಗಸು ಇಬ್ಬರಾಗಿಬಿಡುತ್ತಾಳೆ.

"ಸರಿ, ಆ ಮೀಟಿಂಗಲ್ಲಿ ಏನು ಮಾತಾಡ್ತಾರೆ? ಯಾವಾಗಿಂದ ಶುರುವಾಯ್ತು ಇದು?" ಎಂದರು ಮೇಷ್ಟ್ರು.

ಹೇಳಿದೆ. ಇಂಥ ಸಮ್ಮೇಳನಗಳಲ್ಲಿ ಹಳೆಯದು ಅಮೆರಿಕದ ಕೇಂಬ್ರಿಜ್‌ನಲ್ಲಿ, ಎಂಐಟಿಯಲ್ಲಿ, 1996ರಲ್ಲಿ ಆರಂಭವಾದದ್ದು. ಅಲ್ಲಿನ ರಿಚರ್ಡ್ ವಾಂಗ್, ಸ್ಟುವರ್ಟ್ ಮ್ಯಾಡ್ನಿಕ್ ಮೊದಲಾದವರು ಕಾರ್ಖಾನೆಗಳ ಗುಣಮಟ್ಟದ ಪಾಠವನ್ನು ಮಾಹಿತಿಗೂ ತಂದರು. ಮುಂದೆ ಆ ಸಮ್ಮೇಳನ ಜರ್ಮನಿಯ ಪಾಟ್ಸ್‌ಡಾಮ್, ಆಸ್ಟ್ರೇಲಿಯಾದ ಅಡಿಲೇಡ್ ಅಂತ ಊರೂರು ತಿರುಗಿತು. ನಮ್ಮ ಬೆಂಗಳೂರಿಗೂ 2003ರ ಮಾರ್ಚಿನಲ್ಲಿ ಡೇಟಾ ಎಂಜಿನಿಯರಿಂಗಿನ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಬಂದಿತ್ತು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ 1996ರಲ್ಲಿ ವಾಂಗ್ ಮತ್ತು ಡಯಾನ್ ಸ್ಟ್ರಾಂಗ್ ಪ್ರಕಟಿಸಿದ ಒಂದು ಲೇಖನ. ಅಲ್ಲಿಯವರೆಗೆ ಒಳ್ಳೆಯ ಮಾಹಿತಿ ಎಂದರೆ ಏನು ಅಂತ ಕಂಪ್ಯೂಟರಿನವರೇ ಹೇಳುತ್ತಿದ್ದರು. ತಪ್ಪಿಲ್ಲದಿದ್ದರೆ ಆಯಿತು, ಅಷ್ಟೆ. ಇವರು ಹೋಗಿ ಮಾಹಿತಿ ಬಳಸುವವರನ್ನೇ ಕೇಳಿದರು. ನಿಮಗೆ ಒಳ್ಳೆಯ ಮಾಹಿತಿ ಅಂದರೆ ಯಾವುದು ಎಂದು. ಬಂದ ಉತ್ತರಗಳಲ್ಲಿ 179 ಗುಣಗಳು ಸಿಕ್ಕವು. ಜರಡಿ ಹಿಡಿದು ಹಿಡಿದು 15ಕ್ಕೆ ಇಳಿಸಿ, ಅವನ್ನು ನಾಲ್ಕು ಗುಂಪು ಮಾಡಿದರು. ತನ್ನಷ್ಟಕ್ಕೆ ತಾನು ಸರಿಯಾಗಿ, ನಂಬುವಂತಿರಬೇಕು. ಆಗಬೇಕಾದ ಕೆಲಸಕ್ಕೆ ಹೊಂದಿ, ಹೊತ್ತಿಗೆ ಸರಿಯಾಗಿ ಸಿಗಬೇಕು. ಓದಿದವನಿಗೆ ಅರ್ಥವಾಗಬೇಕು. ಬೇಕಾದವನ ಕೈಗೆ ಎಟುಕಬೇಕು, ಬೇಡದವನ ಕೈಗೆ ಸಿಗಬಾರದು.

ಮೇಷ್ಟ್ರು ಬೆರಳು ಮಡಿಸಿಕೊಂಡು ನಾಲ್ಕನ್ನೂ ಕೇಳಿಸಿಕೊಂಡರು. ಎರಡನೆಯದಕ್ಕೆ ಬಂದಾಗ ಬೆರಳು ಹಾಗೇ ನಿಂತಿತು.

"ಹಂಗಾದ್ರೆ ಜೂನ್ ಒಂದನೇ ತಾರೀಕು ಯಾವ ಲೆಕ್ಕಕ್ಕೆ ಬತ್ತದೆ, ಹೇಳವ್ವಾ."

ಕನ್ನಡನಾಡಿನ ಹಳ್ಳಿಶಾಲೆಯಲ್ಲಿ ಓದಿದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ವಯಸ್ಸಿನ ಲೆಕ್ಕ ಹಿಡಿಯುವುದು ಜೂನ್ ಒಂದಕ್ಕೆ. ಮಗುವನ್ನು ಕರೆತಂದ ಅಪ್ಪನಿಗೆ ಹುಟ್ಟಿದ ತಾರೀಕು ಗೊತ್ತಿರುವುದಿಲ್ಲ. ತಾರೀಕಿನ ಕಾಲಂ ಖಾಲಿ ಬಿಡುವ ಹಾಗಿಲ್ಲ. ಮೇಷ್ಟ್ರು ಮಗುವಿನ ಮುಖ ನೋಡಿ, ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸಿ, ವರ್ಷವೊಂದನ್ನು ಎಣಿಸಿಕೊಂಡು, ಅದರ ಹಿಂದೆ 1-6 ಎಂದು ಬರೆಯುತ್ತಿದ್ದರು. ನನ್ನ ತರಗತಿಯ ಮುಕ್ಕಾಲುಪಾಲು ಮಕ್ಕಳು ಜೂನ್ ಒಂದರಂದು ಹುಟ್ಟಿದವರು. ನಾನೂ.

ವಾಂಗ್ ಮತ್ತು ಸ್ಟ್ರಾಂಗ್ ಹೇಳಿದ ಹಾಗೆ ನೋಡಿದರೆ ಆ ತಾರೀಕು ಶಾಲೆಯ ಕೆಲಸಕ್ಕೆ ಚೆನ್ನಾಗಿಯೇ ಒದಗಿತು. ಒಂದನೇ ತರಗತಿಗೆ ಸೇರಿಸಲು ಅಷ್ಟು ಸಾಕು. ತೊಂದರೆ ಶುರುವಾದದ್ದು ಅದು ರಿಜಿಸ್ಟರಿನಿಂದ ಹೊರಬಿದ್ದ ಮೇಲೆ. ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ, ಬ್ಯಾಂಕಿಗೆ, ವಿಮೆಗೆ, ಸೇವಾಪುಸ್ತಕಕ್ಕೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಅದು ಇನ್ನಷ್ಟು ಖಚಿತವಾಯಿತು. ಮೊದಲು ಬರೆದವರ ಮನಸ್ಸಿನಲ್ಲಿದ್ದ ಅನುಮಾನ ಕೆಳಗೇ ಉಳಿಯಿತು, ಅಂಕೆಯೊಂದೇ ಮೇಲೆ ಹೋಯಿತು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹಾಗಾಗಿ ಮೇ 31ರಂದು ಕಚೇರಿ ಕಚೇರಿಗಳಲ್ಲಿ ಸಾಲುಸಾಲು ಬೀಳ್ಕೊಡುಗೆ. ಆ ಹಾರಗಳ ಹಿಂದೆ ಎಷ್ಟು ಜನ ಮೇಷ್ಟ್ರುಗಳ ಕೈಬರಹ ಇದೆಯೋ.

ನಮ್ಮ ಆಫೀಸಿನಲ್ಲಿ ಒಮ್ಮೆ ಹೊಸದಾಗಿ ಸೇರಿದ ಹುಡುಗ ಜನ್ಮದಿನಾಂಕಗಳನ್ನೆಲ್ಲ ವರ್ಷದ ದಿನಗಳ ಮೇಲೆ ಹರಡಿ ಚಿತ್ರ ಬರೆದ. ಜೂನ್ ಒಂದರ ಮೇಲೆ ಒಂದು ಗೋಪುರ, ಜನವರಿ ಒಂದರ ಮೇಲೆ ಇನ್ನೊಂದು. ನಡುವೆಲ್ಲ ಕುರುಚಲು. "ಮೇಡಂ, ಇದು ಕಸ. ಇಷ್ಟನ್ನೂ ತೆಗೆದುಹಾಕಿದರೆ ಮಿಕ್ಕಿದ್ದು ಶುದ್ಧ" ಎಂದ. ಅವತ್ತು ನನಗೆ ಸಿಟ್ಟು ಬಂದಿತ್ತು. ತೆಗೆದುಹಾಕಿದರೆ ಹೋಗುವುದು ಕಸವಲ್ಲ, ಹಳ್ಳಿಯಿಂದ ಬಂದವರು. ಅಪ್ಪ ಅಮ್ಮ ಓದಿರದವರು. ಮಿಕ್ಕಿ ಉಳಿಯುವುದು ಆಸ್ಪತ್ರೆಯಲ್ಲಿ ಹುಟ್ಟಿ, ಸರ್ಟಿಫಿಕೇಟು ಪಡೆದವರು ಮಾತ್ರ. ಅಂಥ ಪಟ್ಟಿ ಹಿಡಿದು ಊರಿನ ಬಗ್ಗೆ ಏನು ಹೇಳಿದರೂ ಅದು ಅರ್ಧ ಊರಿನ ಮಾತು.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಜನಗಣತಿಗೆ ಹೋದರು. 1981, 1991, 2001, ಮೂರು ಸಲವೂ ಮನೆಮನೆ ತಿರುಗಿದ್ದಾರೆ. 2001ರ ಫೆಬ್ರವರಿ 28ರ ರಾತ್ರಿ ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಮಲಗಿದ್ದವರನ್ನು ಟಾರ್ಚು ಹಿಡಿದು ಎಣಿಸಿದ್ದನ್ನು ಈಗಲೂ ನಿನ್ನೆಯದೆಂಬಂತೆ ಹೇಳುತ್ತಾರೆ. ಮನೆಯಿಲ್ಲದವರನ್ನು ಆ ಒಂದು ರಾತ್ರಿಯೇ ಎಣಿಸಿ ಮುಗಿಸಬೇಕಿತ್ತು.

"ವಯಸ್ಸು ಕೇಳಿದ್ರೆ ಎಲ್ಲಾ ಅಜ್ಜೀರೂ ಒಂದೇ ಮಾತು ಕಣವ್ವಾ. ಬರ್ಕೊಳಪ್ಪ ಅರವತ್ತು ಅಂತ. ಪಕ್ಕದ ಮನೆ ಅಜ್ಜಿ, ಅವಳಿಗಿಂತ ನಾನು ದೊಡ್ಡವಳು, ಎಪ್ಪತ್ತು ಬರ್ಕೋ ಅನ್ನೋದು. ಅರವತ್ತೊಂದು, ಅರವತ್ಮೂರು ಅಂದೋರೇ ಇಲ್ಲ."

ಇದಕ್ಕೂ ಒಂದು ಅಳತೆಗೋಲು ಇದೆ, ವಿಪ್ಪಲ್ ಸೂಚ್ಯಂಕ ಅಂತ. 23ರಿಂದ 62 ವರ್ಷದವರನ್ನು ತೆಗೆದುಕೊಂಡು, ಸೊನ್ನೆ ಅಥವಾ ಐದರಲ್ಲಿ ಮುಗಿಯುವ ವಯಸ್ಸು ಹೇಳಿದವರು ಎಷ್ಟು ಎಂದು ನೋಡುವುದು. ನ್ಯಾಯವಾಗಿ ಐದರಲ್ಲೊಂದು ಪಾಲು ಇರಬೇಕು. ಹಾಗೇ ಇದ್ದರೆ ಸೂಚ್ಯಂಕ 100. ಎಲ್ಲರೂ ಸೊನ್ನೆಗೆ, ಐದಕ್ಕೆ ತಂದು ನಿಲ್ಲಿಸಿದರೆ 500. ಇದನ್ನು ಕೇಳಿ ಮೇಷ್ಟ್ರ ಮುಖ ಅರಳಿತು. ತಾನು ಮನೆಬಾಗಿಲಲ್ಲಿ ಕಂಡದ್ದಕ್ಕೆ ಯಾರೋ ಕೂತು ಲೆಕ್ಕ ಕಟ್ಟಿದ್ದಾರೆ ಎಂಬ ಸಂತೋಷ ಅದು. ತಾವು ಅಂಥ ಅಜ್ಜಿಯರಿಗೆ ಬರಗಾಲ, ಸ್ವಾತಂತ್ರ್ಯ ಬಂದ ವರ್ಷ, ಊರಿಗೆ ಕರೆಂಟು ಬಂದದ್ದು ಎಲ್ಲ ನೆನಪು ಮಾಡಿಸಿ, ಆಗ ನಿನಗೆ ಮದುವೆ ಆಗಿತ್ತಾ, ಮಗು ಇತ್ತಾ ಎಂದು ಕೇಳಿ ಕೇಳಿ ವಯಸ್ಸು ಹಿಡಿದದ್ದನ್ನು ಹೇಳಿದರು. ಹಾಗೆ ಮಾಡಬೇಕೆಂದು ಎಣಿಕೆದಾರರಿಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರಂತೆ. ಒಂದು ಮನೆಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಬಿಸಿಲಲ್ಲಿ ಇನ್ನೂ ನೂರು ಮನೆ ಕಾದಿರುತ್ತಿದ್ದವು.

ಅಷ್ಟರಲ್ಲಿ ದೊಡ್ಡಮ್ಮ, ಮೇಷ್ಟ್ರ ಮನೆಯವರು, ಒಣಹಾಕಿದ್ದ ಬಟ್ಟೆ ತೆಗೆಯಲು ಬಂದವರು ಮಾತಿಗೆ ನಿಂತರು. "ನಿಮ್ಮ ಕಾನ್ಫರೆನ್ಸಿನೋರು ನಮ್ಮ ತವರುಮನೆ ಪಹಣಿ ಸರಿಮಾಡ್ಕೊಡ್ತಾರೇನಮ್ಮ?"

ಅವರ ಕಷ್ಟ ನನಗೆ ಗೊತ್ತಿದ್ದದ್ದೇ. ಪಹಣಿಯ ಮೂರನೇ ಕಾಲಂನಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ, ಒಂಬತ್ತನೇ ಕಾಲಂನಲ್ಲಿ ಹಿಡುವಳಿದಾರರ ಹೆಸರಿನ ಮುಂದೆ ಅವರವರ ಪಾಲು. ಪಾಲುಗಳನ್ನು ಕೂಡಿದರೆ ಒಟ್ಟು ಬರಬೇಕು. ದೊಡ್ಡಮ್ಮನ ತವರಿನ ಪಹಣಿಯಲ್ಲಿ ಹತ್ತು ಗುಂಟೆ ತಾಳೆಯಾಗುವುದಿಲ್ಲ. ಹತ್ತು ಗುಂಟೆಗೆ ಅಣ್ಣತಮ್ಮಂದಿರ ಮಾತು ನಿಂತು ಎಷ್ಟೋ ವರ್ಷವಾಯಿತು. ಈ ಮೂರು–ಒಂಬತ್ತರ ಜಗಳ ರಾಜ್ಯದ ತುಂಬ ಇರುವುದರಿಂದಲೇ ಕಂದಾಯ ಇಲಾಖೆ ಅದಾಲತ್ತುಗಳನ್ನು ನಡೆಸಿ ತಿದ್ದುಪಡಿಗೆ ಇಳಿಯಬೇಕಾಯಿತು.

ನಾನು ಆ ಸಮ್ಮೇಳನದಲ್ಲಿ ಹೇಳಿದ್ದೂ ಪಹಣಿಯ ವಿಚಾರವೇ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದ್ದು ಜಗತ್ತೇ ತಿರುಗಿ ನೋಡಿದ ಕೆಲಸ. ಟೈಪು ಮಾಡಿದ್ದನ್ನು ಅಚ್ಚು ತೆಗೆದು ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಕೈಬರಹದ ಪುಸ್ತಕದ ಜೊತೆ ತಾಳೆ ನೋಡಿಸಿದರು. ಆ ತಾಳೆ ನೋಡಿದವರ ಕಷ್ಟ ಎಂಥದಿತ್ತು ಎಂಬುದಕ್ಕೆ ನಾನು ಕೊಟ್ಟ ಉದಾಹರಣೆ ಇಷ್ಟೆ. ಒಬ್ಬನಿಗೆ 1 ಎಕರೆ 30 ಗುಂಟೆ, ತಮ್ಮನಿಗೆ 1 ಎಕರೆ 20 ಗುಂಟೆ. ಪಹಣಿಯಲ್ಲಿ ಚುಕ್ಕೆ ಇಟ್ಟು 1.30, 1.20 ಎಂದೇ ಬರೆಯುವುದು. 40 ಗುಂಟೆಗೆ ಒಂದು ಎಕರೆ ಎಂದು ತಿಳಿಯದ ಯಾರೋ ಅದನ್ನು ಎಕ್ಸೆಲ್‌ನಲ್ಲಿ ಕೂಡಿದರೆ 2.50, ಅಂದರೆ ಎರಡೂವರೆ ಎಕರೆ. ನಿಜವಾಗಿ ಇರುವುದು 3 ಎಕರೆ 10 ಗುಂಟೆ. ಅಂಕೆಗಳಲ್ಲಿ ಒಂದೂ ತಪ್ಪಿಲ್ಲ, ಆದರೂ 30 ಗುಂಟೆ ಮಾಯ. ಸಭೆಯಲ್ಲಿ ಬೇರೆ ರಾಜ್ಯದವರು ಇದನ್ನು ಬರೆದುಕೊಂಡರು.

"ಮೂರನೇದು ತಪ್ಪೋ, ಒಂಬತ್ತನೇದು ತಪ್ಪೋ, ಹೆಂಗೆ ಗೊತ್ತಾಗದು? ಕಾಗದ ನೋಡಿದ್ರೆ ಆಗಕಿಲ್ಲ. ಗೊತ್ತಿಲ್ಲದ ಇಬ್ಬರನ್ನ ಬೇರೆ ಬೇರೆ ಕಳ್ಸಿ ಹೊಲ ಅಳೆಸ್ಬೇಕು" ಎಂದರು ಮೇಷ್ಟ್ರು.

ನಾನು ಕಾಫಿ ಲೋಟ ಕೆಳಗಿಟ್ಟೆ. ಪ್ರಶಾಂತಚಂದ್ರ ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗೆ ಮಾಡಿದ್ದು ಇದನ್ನೇ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದವರು. ಒಂದೇ ಸೀಮೆಗೆ ಎರಡು ಬೇರೆ ತಂಡ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯಬಾರದು. ಎರಡರ ಲೆಕ್ಕಕ್ಕೂ ಎಷ್ಟು ಅಂತರ ಬರುತ್ತದೋ ಅಷ್ಟು ಎಚ್ಚರಿಕೆಯಿಂದ ಆ ಅಂಕೆಯನ್ನು ನಂಬಬೇಕು. ಕಾರ್ಖಾನೆಗಳ ಗುಣಮಟ್ಟಕ್ಕೆ ನಕ್ಷೆ ಹಾಕಿಕೊಟ್ಟ ಅಮೆರಿಕದ ವಾಲ್ಟರ್ ಶೂಹಾರ್ಟ್ ಇದೇ ಮಹಾಲನೋಬಿಸರ ಕರೆಯ ಮೇರೆಗೆ 1947–48ರಲ್ಲಿ ನಮ್ಮ ದೇಶಕ್ಕೆ ಬಂದು ತಿರುಗಾಡಿದ್ದರು. ಕೆಟ್ಟ ಸಾಮಾನನ್ನು ಕೊನೆಯಲ್ಲಿ ಆರಿಸಿ ಎಸೆದರೆ ಸಾಲದು, ಅದು ಯಾವ ಯಂತ್ರದಲ್ಲಿ, ಯಾವ ಹೊತ್ತಿನಲ್ಲಿ ಕೆಡುತ್ತದೆಂದು ಹಿಂದೆ ಹಿಂದೆ ಹೋಗಿ ನೋಡಿ ಎಂಬುದು ಆ ಪರಂಪರೆಯ ಮಾತು. ಎಂಐಟಿಯವರು ಎರವಲು ಪಡೆದದ್ದೂ ಅದನ್ನೇ. ಜನಗಣತಿ ಮುಗಿದ ಮೇಲೆ ಬೇರೆಯವರನ್ನು ಕಳಿಸಿ ಆಯ್ದ ಕಡೆ ಮತ್ತೆ ಎಣಿಸುವುದೂ ಇದೇ ಜಾತಿಯ ಕೆಲಸ. 2001ರಲ್ಲೂ 2011ರಲ್ಲೂ ಸಾವಿರಕ್ಕೆ ಸುಮಾರು 23 ಜನ ಎಣಿಕೆಯಿಂದ ಬಿಟ್ಟುಹೋಗಿದ್ದರು ಎಂದು ಎಣಿಸಿದವರೇ ಅಚ್ಚು ಹಾಕಿ ತಿಳಿಸಿದರು.

"ಅವರು ಹೇಳ್ಕೊಂಡ್ರಲ್ಲ, ಅದು ದೊಡ್ಡದು" ಎಂದರು ಮೇಷ್ಟ್ರು. ಮತ್ತೆ, ತುಸು ತಗ್ಗಿದ ದನಿಯಲ್ಲಿ, "ನಮಗೆ ಹೇಳ್ಕೊಳಕ್ಕೆ ಜಾಗನೇ ಇರ್ಲಿಲ್ಲ. ತಾರೀಕು ಅಂತ ಒಂದು ಮನೆ. ಪಕ್ಕದಲ್ಲಿ ಅಂದಾಜು ಅಂತ ಬರಿಯಕ್ಕೆ ಇನ್ನೊಂದು ಮನೆ ಇದ್ದಿದ್ರೆ ನಾನು ಬರೀತಿದ್ದೆ. ನಿನ್ನಾಣೆ ಬರೀತಿದ್ದೆ."

ಆಧಾರ್‌ನಲ್ಲಿ ಅಂಥ ಗುರುತು ಇದೆ. ಜನ್ಮದಿನಾಂಕ ದಾಖಲೆ ನೋಡಿ ಬರೆದದ್ದೋ, ಅವರೇ ಹೇಳಿದ್ದೋ, ಅಂದಾಜೋ ಎಂದು ಮೂರು ಬಗೆ ಮಾಡಿ ಇಡುತ್ತಾರೆ. ಹಾಗೆಂದು ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಿಲ್ಲ. ಯಾಕೆಂದರೆ ಇವತ್ತಿಗೂ ನಾವು ಮಾಡುವ ಹೆಚ್ಚಿನ ಫಾರಂಗಳಲ್ಲಿ ಗೊತ್ತಿಲ್ಲ ಎನ್ನಲು ಜಾಗವಿಲ್ಲ. ತಾರೀಕು ತುಂಬದಿದ್ದರೆ ಪರದೆ ಕೆಂಪಾಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಅಂಗನವಾಡಿಯ ಹೆಣ್ಣುಮಗಳು ಕೂಸು ಒದ್ದಾಡುತ್ತಿದ್ದಾಗ ತೂಕದ ಮುಳ್ಳು ಎಲ್ಲಿ ನಿಂತಂತೆ ಕಂಡಿತೋ ಅದನ್ನು ಒತ್ತುತ್ತಾಳೆ. ಒತ್ತಲೇಬೇಕು. 2027ರ ಜನಗಣತಿಯನ್ನು ಮೊಬೈಲಿನಲ್ಲಿ ಮಾಡುತ್ತಾರೆ, ಮತ್ತೆ ಮೇಷ್ಟ್ರುಗಳೇ ಮನೆಮನೆಗೆ ಹೋಗುತ್ತಾರೆ. ಆ ಪರದೆ ಅಜ್ಜಿಯ ಅರವತ್ತನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದು ನನಗೆ ದೊಡ್ಡ ವಿಷಯ. ಸಮ್ಮೇಳನದ ಸಭಾಂಗಣದಲ್ಲಿ ಕೂತವರೆಲ್ಲ ಮಾಹಿತಿಯನ್ನು ಬಳಸುವವರು, ತಿದ್ದುವವರು, ತಿದ್ದುವ ಯಂತ್ರ ಮಾರುವವರು. ಮೊದಲು ಪೆನ್ನು ಊರಿದವರು ಒಬ್ಬರೂ ಇರಲಿಲ್ಲ. 1996ರಲ್ಲಿ ಬಳಸುವವರನ್ನು ಕೇಳಿದ್ದು ಹೇಗೆ ಒಂದು ಹೊಸ ದಾರಿಯಾಯಿತೋ, ಬರೆಯುವವರನ್ನು ಕೇಳುವುದೂ ಹಾಗೇ ಆಗಬೇಕು. ಅಲ್ಲಿ ಎದ್ದು ನಿಂತು ಇಷ್ಟನ್ನು ಹೇಳಿಬಂದೆ. ಮುಂದಿನ ಸಲ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದು ಮೇಷ್ಟ್ರಿಗೂ ಹೇಳಿದೆ.

ಅವರು ಎದ್ದು ಒಳಗೆ ಹೋದರು. ಬೇಸರವಾಯಿತೇನೋ ಅಂದುಕೊಂಡೆ. ದೊಡ್ಡಮ್ಮ ಬಟ್ಟೆ ಮಡಿಸುತ್ತಾ, "ಟ್ರಂಕು ತೆಗೀತಾವ್ರೆ, ತಡಿ" ಎಂದರು.

ಬಂದಾಗ ಕೈಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಬೇಲಿಯ ಕಿಂಡಿಯಲ್ಲಿ ನನ್ನ ಕೈಗೆ ಕೊಟ್ಟರು. ಹೊಸ ವರ್ಷದ ದಾಖಲಾತಿ ಮುಗಿದ ಸಂಜೆ, ಮನೆಗೆ ಬಂದು, ರಿಜಿಸ್ಟರಿನಲ್ಲಿ ಹಿಡಿಸದ್ದನ್ನು ಇದರಲ್ಲಿ ಬರೆಯುತ್ತಿದ್ದರಂತೆ. ಯಾರೂ ಬರೆಯಿರಿ ಎಂದದ್ದಲ್ಲ. ಮಗುವಿನ ಹೆಸರು, ಪಕ್ಕದಲ್ಲಿ ಕರೆತಂದವರು ಹೇಳಿದ ಮಾತು. ಕಾರಹುಣ್ಣಿಮೆ ಮಾರನೇ ದಿನ. ಜಾತ್ರೆಯ ತೇರು ಎಳೆದ ರಾತ್ರಿ. ಕೆರೆ ಕೋಡಿ ಬಿದ್ದ ವರ್ಷ, ರಾಗಿ ಕೊಯ್ಲು. ಇವಳಣ್ಣನಿಗೆ ಮೂರು ತುಂಬಿದಾಗ. ಪ್ರತಿ ಸಾಲಿನ ಕೊನೆಗೆ ಒಂದು ಅಕ್ಷರ. ತಾಯಿ ಹೇಳಿದ್ದರೆ ತಾ, ತಂದೆಯಾದರೆ ತಂ.

ಪುಟ ತಿರುವುತ್ತಾ ಹೋಗಿ ನನ್ನ ಹೆಸರು ಹುಡುಕಿದೆ. ಗೌರಿಹಬ್ಬದ ಹಿಂದಿನ ದಿನ, ಬೆಳಗಿನ ಜಾವ, ಮಳೆ. ಕೊನೆಯಲ್ಲಿ ಅ.

"ಅ ಅಂದ್ರೆ ಅಜ್ಜಿನಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಏರಿಸಿ ಪುಸ್ತಕ ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು.

"ಅಜ್ಜಿ ಅಂತ್ಲೂ ಹಾಕ್ತಿದ್ದೆ. ಅಂದಾಜು ಅಂತ್ಲೂ ಹಾಕ್ತಿದ್ದೆ ಅನ್ಸುತ್ತೆ ಕಣವ್ವಾ. ಯಾವ್ದು ಅಂತ ಈಗ..."

"ಇನ್ಯಾರಿಗೆಲ್ಲ ಅ ಹಾಕಿದೀರಿ, ನೋಡೋಣ. ಆ ವರ್ಷ ಅಜ್ಜಿ ಜೊತೆ ಬಂದವರು ಯಾರ್‍ಯಾರು ಅಂತ ನಮ್ಮಮ್ಮನಿಗೆ ನೆನಪಿರುತ್ತೆ."

ಅವರು ಕುರ್ಚಿಯನ್ನು ಬೇಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ನಾನು ಅಮ್ಮನನ್ನು ಕೂಗಿದೆ. ದೊಡ್ಡಮ್ಮ ಹಿತ್ತಿಲ ಲೈಟು ಹಾಕಿದರು.